ಅಪ್ಪ ಹೇಳಿದ್ದು, ನಾನು ಬರೆದದ್ದು

ಬೊಮ್ಮಸಂದ್ರ
೮ ನವೆಂಬರ್ ೨೦೦೪, ಸೋಮವಾರ

ಅಕ್ಕಾ,

ನಮ್ಮ ಮನೆ ಫೋನು ಸತ್ತು ಇಪ್ಪತ್ತು ದಿನವಾಯಿತು. ಚರಂಡಿ ತೋಡಲು ಬಂದ ಜೆಸಿಬಿ ಬೀದಿಯ ವೈರನ್ನೆಲ್ಲ ಕಿತ್ತುಹಾಕಿದೆ, ಕೇಳುವವರಿಲ್ಲ. ಅದಕ್ಕೇ ಈ ಕಾಗದ. ಅಪ್ಪ ಜಗಲಿಯ ಮೇಲೆ ಮಂಚ ಹಾಕಿಸಿಕೊಂಡು ಮಲಗಿದ್ದಾನೆ. ಹೇಳುವುದು ಅವನು, ಬರೆಯುವುದು ನಾನು. "ನಾ ಯೋಳ್ದಂಗೇ ಬರಿ, ನಿನ್ ಮೇಷ್ಟ್ರ ಕನ್ನಡ ಬ್ಯಾಡ" ಅಂತ ಅಪ್ಪಣೆಯಾಗಿದೆ. ತಪ್ಪು ಕಂಡರೆ ನನ್ನನ್ನು ಬೈಯಬೇಡ.

"ದೀಪಾ, ಮಗಾ, ನಾವೆಲ್ಲ ಚೆಂದಾಗಿವಿ. ಆಲಿನ ಕ್ಯಾನ್ ತಕ್ಕೊಂಡು ಡೈರಿಗೆ ಓಗ್ವಾಗ ಗಾಡಿ ಜಾರಿ ಬಿದ್ದೆ. ಕಾಲು ಉಳುಕೈತೆ. ಎಂಟು ದಿನಕ್ಕೆ ಸರಿಯೋಯ್ತದೆ. ರಾಗಿ ಈ ಸಲ ಚೆನ್ನಾಗಿ ಬಂದೈತೆ. ನೀನು ಪರೀಕ್ಷೆ ಮುಗಿಸ್ಕೊಂಡೇ ಬಾ. ಒಟ್ಟೆ ತುಂಬ ಉಣ್ಣು."

ಇದಿಷ್ಟು ಅಪ್ಪನದು. ಇನ್ನು ನನ್ನದು. ಚಳಿ ಶುರುವಾಗಿದೆ. ಬೆಳಿಗ್ಗೆ ಎದ್ದರೆ ಔಷಧಿ ಕಂಪನಿಯ ಚಿಮಣಿ ಕಾಣಿಸುವುದಿಲ್ಲ, ಅಷ್ಟು ಮಂಜು. ಸೀಮೆಹಸು ಕರು ಹಾಕಿದೆ, ಹೆಣ್ಣು. ಅಪ್ಪನ ಕಾಲಿಂದಾಗಿ ಹಾಲು ಕರೆಯುವುದು ಈಗ ನನ್ನ ಪಾಲಿಗೆ ಬಂದಿದೆ. ಅದು ಅಪ್ಪನ ಕೈಗೆ ಬಿಡುವಷ್ಟು ನನ್ನ ಕೈಗೆ ಬಿಡುವುದಿಲ್ಲ, ಒದೆಯುತ್ತದೆ. ಮುಂಡೇದು! ನನಗೆ ಒಂದೇ ಕಷ್ಟ ಅಕ್ಕ, ಎಷ್ಟು ಮಲಗಿದರೂ ನಿದ್ದೆ ಸಾಲುವುದಿಲ್ಲ.

ನಿನ್ನ
ಹರ್ಷ


ಹಾಸನ, ನರ್ಸಿಂಗ್ ಹಾಸ್ಟೆಲ್
೧೩ ನವೆಂಬರ್ ೨೦೦೪

ಹರ್ಷ,

ನಿನ್ನ ಕಾಗದ ಹಬ್ಬದ ಮಾರನೇ ದಿನ ಸಿಕ್ಕಿತು. ಹಬ್ಬಕ್ಕೆ ಇಲ್ಲಿ ಪಾಯಸ ಮಾಡಿದ್ದರು, ಚೆನ್ನಾಗಿತ್ತು. ಊಟಕ್ಕೇನೂ ತೊಂದರೆಯಿಲ್ಲ ಎಂದು ಅಮ್ಮನಿಗೆ ಓದಿ ಹೇಳು.

ಅಪ್ಪನದು ಎಂಥ ಉಳುಕು? ಬಾವು ಇದೆಯಾ? ಪಾದ ಊರಲು ಆಗುತ್ತಾ? ಎಂಟು ದಿನಕ್ಕೆ ಇಳಿಯದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಉಳುಕು ತೆಗೆಯುವವರು ಅಂತ ಯಾರನ್ನಾದರೂ ಕರೆದುಕೊಂಡು ಬಂದು ನೀವಿಸಿದ್ದೀರೋ, ನನ್ನ ಕೈಲಿ ಬೈಸಿಕೊಳ್ಳುತ್ತೀರಿ. ಮೂರು ವರ್ಷ ಓದಿ ನಾನು ಇಲ್ಲಿ ಕಂಡವರ ಕಾಲಿಗೆಲ್ಲ ಪಟ್ಟಿ ಕಟ್ಟುವುದು, ನಮ್ಮಪ್ಪನ ಕಾಲನ್ನು ಯಾರೋ ಎಣ್ಣೆ ಹಚ್ಚಿ ಎಳೆಯುವುದು, ಚೆನ್ನಾಗಿರುತ್ತೆ!

ನಿದ್ದೆ ಸಾಲದು ಅಂದೆಯಲ್ಲ, ನಂಬಿದೆ ಬಿಡು. ರಾತ್ರಿ ಕ್ರಿಕೆಟ್ ಹಾಕಿಕೊಂಡು ಕೂತರೆ ಇನ್ನೇನಾಗುತ್ತೆ? ಈ ವರ್ಷ ನಿನ್ನದು ಹತ್ತನೇ ಕ್ಲಾಸು ಕಣೋ. ನಾನು ಒಂಬತ್ತರಲ್ಲಿದ್ದಾಗ ಅಜ್ಜಿ ಹಾಸಿಗೆ ಹಿಡಿದಳು, ರಾಗಿ ಕೊಯ್ಲಿಗೆ ಆಳಿಲ್ಲ ಅಂತ ನನ್ನನ್ನು ಒಂದು ವಾರ ನಿಲ್ಲಿಸಿಕೊಂಡರು. ಆ ಒಂದು ವಾರ ಎರಡು ತಿಂಗಳಾಯಿತು. ನಾನು ಫೇಲಾದೆ. ನನಗಿಂತ ಚಿಕ್ಕವರ ಜೊತೆ ಕೂತು ಅದೇ ಪಾಠ ಇನ್ನೊಂದು ವರ್ಷ ಕೇಳಿದೆ. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಆದ್ದರಿಂದ ಸರಿಯಾಗಿ ಕೇಳಿಸಿಕೊ. ನೀನು ಶಾಲೆ ತಪ್ಪಿಸಿ ಹೊಲಕ್ಕೆ ಇಳಿದೆ ಅಂತ ಗೊತ್ತಾದ ದಿನವೇ ನಾನು ಬಸ್ಸು ಹತ್ತುತ್ತೇನೆ. ಡಿಸೆಂಬರ್ ಕೊನೆಯ ನನ್ನ ಪರೀಕ್ಷೆ ಹಾಳಾದರೆ ಆಗಲಿ. ಇದು ಬಾಯಿಮಾತಲ್ಲ. ನಿಮ್ಮ ಪರೀಕ್ಷೆಯ ಅರ್ಜಿಗೆ ಸಹಿ ಹಾಕುವುದು ಯಾವತ್ತು? ನಮ್ಮ ಕಾಲದಲ್ಲಿ ಡಿಸೆಂಬರ್ ಮೊದಲ ವಾರ ಇತ್ತು. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ತಾರೀಕು ತಿಳಿಸು.

ಕರುವಿಗೆ ಹೆಸರಿಟ್ಟಿರಾ?

ದೀಪಾ


ಬೊಮ್ಮಸಂದ್ರ
೧೯ ನವೆಂಬರ್ ೨೦೦೪

ಅಕ್ಕಾ,

ಸಹಿ ಡಿಸೆಂಬರ್ ನಾಲ್ಕನೇ ತಾರೀಕು, ಶನಿವಾರ. ಅವತ್ತೇ ಕೊನೆ ದಿನವಂತೆ. ಹಾಕುತ್ತೇನೆ. ಗಣಿತದಲ್ಲಿ ತ್ರಿಕೋನಮಿತಿ ಶುರು ಮಾಡಿದ್ದಾರೆ, ತುಂಬ ಕಷ್ಟ.

ಮೊದಲು ಅಪ್ಪನ ಮಾತು ಬರೆದುಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. "ದೀಪಾ, ಕಾಲು ವಾಸಿ. ಎಣ್ಣೆ ನೀವುಸ್ನಿಲ್ಲ. ಅರ್ಸ ದಿನಾ ಓದ್ತಾವ್ನೆ. ಅವನ ಮ್ಯಾಗೆ ಸಿಟ್ಟಾಗಬ್ಯಾಡ."

ಇನ್ನು ಕ್ರಿಕೆಟ್ಟಿನ ವಿಷಯ. ಟಿವಿ ಮುಖ ನೋಡಿ ಎಷ್ಟು ದಿನವಾಯಿತೋ ದೇವರಿಗೇ ಗೊತ್ತು. ನನ್ನ ದಿನ ಹೇಗೆ ಹೋಗುತ್ತದೆ ಕೇಳು. ನಾಲ್ಕೂವರೆಗೆ ಅಮ್ಮ ಎಬ್ಬಿಸುತ್ತಾಳೆ. ಸಗಣಿ ಬಾಚಿ, ಎರಡು ಹಸು ಕರೆದು, ಕ್ಯಾನು ಹೊತ್ತು ಡೈರಿಗೆ. ಡೈರಿ ಪಾಪಯ್ಯ ಹಾಲಿಗೆ ಗಾಜಿನ ಕಡ್ಡಿ ಬಿಟ್ಟು "ಏನೋ ಮಗಾ, ನೀನೂ ನೀರಾಕ್ತೀಯಾ?" ಅಂತ ದಿನಾ ತಮಾಷೆ ಮಾಡುತ್ತಾನೆ. ನನಗೆ ಅಷ್ಟು ಹೊತ್ತಿಗೆ ನಗು ಬರುವುದಿಲ್ಲ. ಅಲ್ಲಿಂದ ಬಂದು ಅವರೆಕಾಯಿ ಕೀಳಬೇಕು. ಇಬ್ಬನಿ ಇರುವಾಗಲೇ ಕಿತ್ತರೆ ಸೊಗಡು ನಿಲ್ಲುತ್ತದೆ ಅನ್ನುತ್ತಾಳೆ ಅಮ್ಮ. ಮೊಣಕೈವರೆಗೆ ಒದ್ದೆ, ಬೆರಳು ಮರಗಟ್ಟಿ ನನ್ನವೇ ಅಲ್ಲವೇನೋ ಅನಿಸುತ್ತದೆ. ಅಮ್ಮ ಆ ಮೂಟೆ ಹೊತ್ತು ಕಂಪನಿ ಗೇಟಿನ ಹತ್ತಿರ ಕೂರುತ್ತಾಳೆ. ಒಂಬತ್ತು ಗಂಟೆ ಶಿಫ್ಟಿನ ಹೆಂಗಸರು ಬಸ್ಸಿಳಿದವರೇ ಮೂಸಿ ನೋಡಿ ಕೊಳ್ಳುತ್ತಾರೆ. ನನ್ನ ಕೈಯಲ್ಲೂ ಅದೇ ಸೊಗಡು. ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ, ಊಟ ಮಾಡುವಾಗಲೂ ಅದೇ ವಾಸನೆ.

ರಾಗಿ ಅರ್ಧ ಕೊಯ್ದಾಗಿದೆ. ಅಪ್ಪನ ಕುಡುಗೋಲು ಭಾರ, ಆದರೆ ಈಗ ಕೈಗೆ ಕೂತಿದೆ. ಮೊದಲು ಕೊಯ್ದ ಕಂತೆಯೆಲ್ಲ ಒಣಗಿತ್ತು, ಬಣವೆ ಒಟ್ಟುವ ಬದಲು ಅದನ್ನು ರಸ್ತೆಗೆ ಹಾಕಿದೆವು. ಈ ಸಲ ಒಕ್ಕಣೆ ಬಲು ಚೆನ್ನಾಗಿ ಆಗುತ್ತಿದೆ. ಬೆಳಿಗ್ಗೆ ಆರರ ಕಂಪನಿ ಬಸ್ಸುಗಳಿಂದ ಪ್ರಯೋಜನವಿಲ್ಲ, ತೆನೆ ಇಬ್ಬನಿಗೆ ಮೆತ್ತಗಿರುತ್ತದೆ, ಚಕ್ರಕ್ಕೆ ಅಂಟಿಕೊಳ್ಳುತ್ತದೆ. ಮಧ್ಯಾಹ್ನ ಎರಡರ ಶಿಫ್ಟಿಗೆ ಬರುವ ಬಸ್ಸುಗಳು ನೋಡು, ಅವು ಬಂಗಾರ! ಬಿಸಿಲಿಗೆ ತೆನೆ ಗರಿಗರಿ ಆಗಿರುತ್ತದೆ. ಹದಿನೇಳು ಬಸ್ಸು ಒಂದರ ಹಿಂದೆ ಒಂದು ಹೋದವೆಂದರೆ ಕಾಳೆಲ್ಲ ಉದುರಿ ಕೂತಿರುತ್ತದೆ. ನಡುವೆ ಸಂದು ಸಿಕ್ಕಿದಾಗ ಓಡಿಹೋಗಿ ಹುಲ್ಲು ತಿರುವಿ ಹಾಕಬೇಕು. ಮೊನ್ನೆ ಬುಧವಾರ ಒಬ್ಬ ಡ್ರೈವರು ಬಸ್ಸು ನಿಲ್ಲಿಸಿ "ಗುರು, ರಿವರ್ಸ್‌ನಲ್ಲೂ ಒಂದು ಸಲ ಬರ್ಲಾ?" ಅಂದ. ಬಾ ಅಣ್ಣ ಅಂದೆ. ಹಿಂದಿನ ಬಸ್ಸಿನವರು ಹಾರ್ನ್ ಹೊಡೆದೂ ಹೊಡೆದೂ ಸಾಕಾದರು. ಅವತ್ತು ನಾನು ನಕ್ಕೆ.

ಕರುವಿಗೆ ಹೆಸರಿಟ್ಟಿಲ್ಲ. ಯಾರಿಗೂ ಪುರುಸೊತ್ತಿಲ್ಲ.

ಹರ್ಷ


ಹಾಸನ
೨೪ ನವೆಂಬರ್ ೨೦೦೪

ಹರ್ಷ,

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ನೀನು ರಸ್ತೆಯಲ್ಲಿ ಏನು ಮಾಡುತ್ತಿದ್ದೆ?

ನಾನೂ ಅದೇ ರಸ್ತೆಯಲ್ಲಿ ರಾಗಿ ತಿರುವಿದವಳು. ಎರಡರ ಬಸ್ಸು ಬರುವ ಹೊತ್ತಿಗೆ ಶಾಲೆಯಲ್ಲಿ ಊಟದ ಬೆಲ್ಲು ಮುಗಿದು ಐದನೇ ಪೀರಿಯಡ್ಡು ನಡೆಯುತ್ತಿರುತ್ತದೆ. ಹದಿನೇಳು ಬಸ್ಸು ಎಣಿಸಿದ್ದೀಯಲ್ಲ, ಅದು ಒಂದು ದಿನದ ಲೆಕ್ಕವಲ್ಲ.

ಅಪ್ಪ ಹೇಗೆ "ದಿನಾ ಓದ್ತಾವ್ನೆ" ಅಂತ ಬರೆಸಿದ? ಅಪ್ಪ ಸುಳ್ಳು ಹೇಳುವವನಲ್ಲ. ಅವನಿಗೆ ನೀನು ಏನು ಹೇಳಿಕೊಂಡಿದ್ದೀಯ? ಕಾಲು ನಿಜವಾಗಿ ಹೇಗಿದೆ? ಈ ಕಾಗದವನ್ನು ಪೂರ್ತಿ, ಒಂದಕ್ಷರ ಬಿಡದೆ, ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿ ಓದು. ಓದಿ, ಅಪ್ಪ ಏನಂದ ಅಂತ ಬರೆ.

ನಾನು ಇಲ್ಲಿ ದಿನಾ ಪೋಸ್ಟ್‌ಮನ್ ದಾರಿ ಕಾಯುತ್ತಿರುತ್ತೇನೆ.

ದೀಪಾ


ಬೊಮ್ಮಸಂದ್ರ
೨೮ ನವೆಂಬರ್ ೨೦೦೪, ಭಾನುವಾರ

ಅಕ್ಕಾ,

ನಿನ್ನ ಕಾಗದವನ್ನು ಅಪ್ಪನಿಗೆ ಓದಲಿಲ್ಲ. ಓದು ಅಂತ ಅವನೇ ಕೇಳಿದ. "ಅಕ್ಕ ಚೆನ್ನಾಗಿದ್ದಾಳೆ, ಪರೀಕ್ಷೆಗೆ ಓದ್ತಿದ್ದಾಳೆ, ನಿಮ್ಮನ್ನೆಲ್ಲ ಕೇಳಿದ್ದಾಳೆ" ಅಂತ ಹಾಳೆಯ ಅಂಚಿನ ಖಾಲಿ ಜಾಗ ನೋಡಿಕೊಂಡು ಹೇಳಿದೆ. "ಅಷ್ಟೇನಾ? ಕಾಗ್ದ ತುಂಬ ಬರ್ದವ್ಳೆ" ಅಂದ. ಅಕ್ಷರ ದಪ್ಪ ಬರೆದಿದ್ದಾಳೆ ಅಂದೆ. ಆಮೇಲೆ ಕೊಟ್ಟಿಗೆಗೆ ಹೋಗಿ ಅತ್ತೆ. ನನಗೆ ಅಳು ಬಂದದ್ದು ನಿನ್ನ ಮೇಲಿನ ಸಿಟ್ಟಿಗೆ.

ನಿಜ ಬರೆಯುತ್ತೇನೆ. ಅಪ್ಪನ ಕಾಲು ಮುರಿದಿದೆ. ಮೊಣಕಾಲಿನ ಕೆಳಗೆ, ಎರಡು ಕಡೆ. ತೊಡೆವರೆಗೆ ಪ್ಲಾಸ್ಟರ್ ಹಾಕಿದ್ದಾರೆ, ಸಂಕ್ರಾಂತಿವರೆಗೆ ಬಿಚ್ಚುವುದಿಲ್ಲ. ಅಪ್ಪ ಮೊದಲ ಕಾಗದದಲ್ಲಿ "ಕಾಲು ಮುರುದೈತೆ" ಅಂತಲೇ ಹೇಳಿದ್ದ. ಉಳುಕು, ಎಂಟು ದಿನ, ಆಮೇಲೆ ಕಾಲು ವಾಸಿ ಅಂತೆಲ್ಲ ಬರೆದದ್ದು ನಾನು. ಎರಡನೇ ಕಾಗದದಲ್ಲಿ ಅವನು ಹೇಳಿದ್ದು "ಅರ್ಸ ದಿನಾ ಒಲಕ್ಕೆ ಓಯ್ತಾವ್ನೆ" ಅಂತ. ನಾನು 'ಒಲಕ್ಕೆ' ಬಿಟ್ಟೆ, 'ಓಯ್ತಾವ್ನೆ' ಅನ್ನುವುದನ್ನು 'ಓದ್ತಾವ್ನೆ' ಮಾಡಿದೆ. ಅಪ್ಪನ ಬಾಯಲ್ಲಿ ಎರಡಕ್ಕೂ ಒಂದಕ್ಷರದ ವ್ಯತ್ಯಾಸ. ಅವನಿಗೆ ಓದಲು ಬರುವುದಿಲ್ಲವಲ್ಲ.

ಶಾಲೆಗೆ ಹೋಗಿ ಇಪ್ಪತ್ತಾರು ದಿನವಾಯಿತು. ಹೆಡ್‌ಮಾಸ್ಟರ್ ರಜಾ ಕೊಟ್ಟಿದ್ದಾರೆ ಅಂತ ಅಪ್ಪನಿಗೆ ಹೇಳಿದ್ದೇನೆ. ಸಹಿಯ ತಾರೀಕು ಹುಡುಗರು ಬಂದು ಹೇಳಿಹೋದರು, ಅದನ್ನು ಅಪ್ಪನಿಗೆ ಹೇಳಿಲ್ಲ. ನಾನು ಸಹಿ ಹಾಕುವುದಿಲ್ಲ ಅಕ್ಕ. ಹಾಕಿದರೂ ಏನು ಬರೆಯಲಿ? ಇನ್ನೂ ಕಾಲು ಭಾಗ ರಾಗಿ ನಿಂತಿದೆ, ಹಕ್ಕಿ ತಿನ್ನುತ್ತಿವೆ. ಆಳು ಸಿಗುವುದಿಲ್ಲ. ಎಲ್ಲರೂ ಕಂಪನಿಗೆ ಹೋಗುವವರೇ, ಬೆನ್ನು ಬಗ್ಗಿಸಿ ಕೊಯ್ಯಲು ಯಾರು ಬರುತ್ತಾರೆ? ಅಮ್ಮ ಒಬ್ಬಳೇ ಸಾಯಬೇಕಾ?

ನೀನು ಬರಬೇಡ. ಬಂದರೆ ನಿನ್ನ ಮೂರು ವರ್ಷ ಮಣ್ಣಾಗುತ್ತದೆ, ನಾನು ಇಷ್ಟೆಲ್ಲ ಸುಳ್ಳು ಹೇಳಿದ್ದೂ ದಂಡ. ನಮ್ಮ ಮನೆಯಲ್ಲಿ ಒಬ್ಬರು ಓದಿದರೆ ಸಾಕು. ನನಗೆ ತ್ರಿಕೋನಮಿತಿ ಬೇಡ. ನನಗೆ ಒಂದು ದಿನ, ಬಿಸಿಲು ಬರುವವರೆಗೆ, ಯಾರೂ ಎಬ್ಬಿಸದೆ ನಿದ್ದೆ ಮಾಡಬೇಕು.

ಇದಕ್ಕೆ ಉತ್ತರ ಬರೆಯುವುದಾದರೆ ಹಾಳೆಯ ಮೇಲೆ ಸುಮ್ಮನೆ ಕ್ಷೇಮ ಸಮಾಚಾರ ಬರೆ. ಓದು ಅಂತ ಅಪ್ಪ ಕೇಳುತ್ತಾನೆ, ಇನ್ನು ಕಟ್ಟಿ ಹೇಳಲು ನನಗೆ ಆಗದು.

ಹರ್ಷ


ಹಾಸನ
೧ ಡಿಸೆಂಬರ್ ೨೦೦೪ (ಸ್ಪೀಡ್ ಪೋಸ್ಟ್)

ಶೈಲಕ್ಕಾ,

ನಮ್ಮ ಹಿಂದಿನ ರೂಮಿನಲ್ಲಿ ನೀವು ಬಾಡಿಗೆಗೆ ಬಂದಾಗಿನಿಂದ ನಿಮ್ಮನ್ನು ಏನೂ ಕೇಳಿದವಳಲ್ಲ. ಇವತ್ತು ಕೇಳುತ್ತಿದ್ದೇನೆ. ಈ ಜೊತೆಗಿರುವ ಕಾಗದವನ್ನು ನಮ್ಮಪ್ಪನಿಗೆ ನೀವೇ ಓದಬೇಕು. ಹರ್ಷನ ಕೈಗೆ ಕೊಡಬೇಡಿ, ಎಷ್ಟೇ ಕಾಡಿದರೂ ಕೊಡಬೇಡಿ. ಶನಿವಾರ ಬೆಳಿಗ್ಗೆಯೊಳಗೆ ಓದಿದರೆ ನಿಮ್ಮ ಉಪಕಾರ ಮರೆಯುವುದಿಲ್ಲ.

ಅಪ್ಪಾ,

ಇದನ್ನು ಓದುತ್ತಿರುವುದು ಶೈಲಕ್ಕ. ಇಷ್ಟು ದಿನ ನೀನು ಹೇಳಿದ್ದೇ ಒಂದು, ನನಗೆ ಬಂದದ್ದೇ ಒಂದು. ನಾನು ಬರೆದದ್ದೇ ಒಂದು, ನೀನು ಕೇಳಿದ್ದೇ ಒಂದು. ನಡುವೆ ಹರ್ಷ ಕೂತಿದ್ದ. ಅವನಿಗೆ ಯಾವ ರಜಾನೂ ಇಲ್ಲ ಅಪ್ಪ. ಶನಿವಾರ, ನಾಲ್ಕನೇ ತಾರೀಕು, ಅವನು ಶಾಲೆಗೆ ಹೋಗಿ ಪರೀಕ್ಷೆಯ ಅರ್ಜಿಗೆ ಸಹಿ ಹಾಕದಿದ್ದರೆ ಈ ವರ್ಷ ಅವನಿಗೆ ಹತ್ತನೇ ಕ್ಲಾಸಿಲ್ಲ. ಮುಂದಿನ ವರ್ಷ ಅವನು ಹೋಗುತ್ತಾನೆ ಅಂತ ನನಗೆ ನಂಬಿಕೆಯಿಲ್ಲ.

ಅವನು ಹೀಗೆ ಮಾಡಿದ್ದು ನನಗೋಸ್ಕರ. ಅವನನ್ನು ಹೊಡೆಯಬೇಡ. ನನ್ನ ಬ್ಯಾಗು ಕಟ್ಟಿ ಮಂಚದ ಕೆಳಗೆ ಇಟ್ಟಿದ್ದೇನೆ. ಅವನು ಸಹಿ ಹಾಕಿದ ಅಂತ ಕಾಗದ ಬಂದರೆ ಬಿಚ್ಚುತ್ತೇನೆ, ಬರದಿದ್ದರೆ ಬುಧವಾರದ ಬಸ್ಸಿಗೆ ಬರುತ್ತೇನೆ.

ನಿನ್ನ ಮಗಳು
ದೀಪಾ


ಬೊಮ್ಮಸಂದ್ರ
೫ ಡಿಸೆಂಬರ್ ೨೦೦೪, ಭಾನುವಾರ

ಅಕ್ಕಾ,

ಇದು ಪೂರ್ತಿ ಅಪ್ಪನ ಕಾಗದ. ಶೈಲಕ್ಕ ನನ್ನ ಭುಜದ ಹಿಂದೆ ಕೂತಿದ್ದಾಳೆ. ನಾನು ಬರೆದ ಪ್ರತಿ ಸಾಲನ್ನೂ ಅವಳು ಓದಿ "ಹೌದ್ರಿ, ಬರದಾನ" ಅಂದ ಮೇಲೇ ಅಪ್ಪ ಮುಂದಿನದು ಹೇಳುವುದು. ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಬರೆಸಿಕೊಂಡ ಹಾಗಿದೆ. ಕಂಸದಲ್ಲಿ ಇರುವುದು ಮಾತ್ರ ನನ್ನದು.

"ದೀಪಾ, ಮಗಾ. ಬ್ಯಾಗು ಬಿಚ್ಚು. ಸಯ್ಯಿ ಆಕವ್ನೆ.

ಶುಕ್ರವಾರ ಸಂಜೆ ಶೈಲಾ ನಿನ್ ಕಾಗ್ದ ಓದುದ್ಲು. ನಿಮ್ಮಮ್ಮ ಅಲ್ಲೇ ಕುಂತು ಅತ್ಲು. ಇವ್ನು ಅಸು ನೆಪ ಮಾಡ್ಕೊಂಡು ಕೊಟ್ಟಿಗೆ ಸೇರ್ಕೊಂಡ. ನಾನು ಒಡೀನಿಲ್ಲ. ಎದ್ದು ಒಡ್ಯಕ್ಕೆ ಕಾಲಾರ ಬ್ಯಾಡ್ವಾ?"

(ಇಲ್ಲಿ ಶೈಲಕ್ಕ ನಕ್ಕಳು. ಅಪ್ಪ ನಗಲಿಲ್ಲ.)

"ಶನಿವಾರ ಬೆಳಿಗ್ಗೆ ರಾಗಿ ರಸ್ತೇಲಿ ಅರಡಿದ್ವಿ. ಅಂಗೇ ಬುಟ್ಟು ನಡಿಯೋ ಅಂದೆ. 'ಎರಡರ ಬಸ್ ಓಗ್ಲಿ ಅಪ್ಪ, ಆಮೇಲೆ ಓಗ್ತೀನಿ' ಅಂದ. ಪಾಪಯ್ಯನ ಲಗೇಜ್ ಆಟೋ ಕರ್ಸಿ, ಆಲಿನ ಕ್ಯಾನ್ ಪಕ್ಕ ನನ್ನೂ ಮಲಗ್ಸು ಅಂದೆ. ಇಸ್ಕೂಲ್ ಬಾಗ್ಲಲ್ಲಿ ಆಟೋ ನಿಲ್ಸುದ್ರೆ ಮಕ್ಳೆಲ್ಲ ಎಣ ಬಂತು ಅನ್ಕೊಂಡು ಓಡಿ ಬಂದ್ವು."

(ನನ್ನ ಮಾನ ಅಲ್ಲೇ ಹೋಯಿತು ಅಕ್ಕ.)

"ಎಡ್‌ಮಾಸ್ಟ್ರು ವೆಂಕಟರಮಣಪ್ಪೋರು ಆಟೋ ತಾವ್ಕೇ ಬಂದ್ರು. 'ಏನ್ ನಂಜಪ್ಪ, ಮಗನ್ನ ಮರೆತೇಬಿಟ್ರಲ್ಲಾ' ಅಂದ್ರು. ಮಲಗಿದ್ದಲ್ಲೇ ಕೈ ಮುಗುದೆ. ಇವ್ನು ಒಳಿಕ್ಕೋಗಿ ಸಯ್ಯಿ ಆಕಿ ಬಂದ. ಇನ್ನ ಮೂರು ತಿಂಗ್ಳು ಸಂಜೆ ಅವ್ರ ಮನೇಲೇ ಕುಂತು ಲೆಕ್ಕ ಕಲೀಬೇಕಂತೆ. ಬಿಟ್ಟೋದ ಪಾಠ ಬಾಳಾ ಐತಂತೆ. ಪಾಸಾಗ್ತಾನೋ ಇಲ್ವೋ ಅವ್ರೂ ಯೋಳ್ನಿಲ್ಲ.

ಬರೋ ಒತ್ಗೆ ರಸ್ತೇಲಿ ಅರ್ಧ ರಾಗಿ ಇಲ್ಲ. ಯಾವ್ದೋ ಮರಳು ಲಾರಿ ಅದ್ರ ಮ್ಯಾಲೇ ಓಗಿ ಬ್ರೇಕ್ ಆಕವ್ನೆ. ಕಾಳೆಲ್ಲ ಚರಂಡಿ ಪಾಲು. ಉಳಿದಿದ್ನ ನಿಮ್ಮಮ್ಮ ಗುಡಿಸ್ತಾ ಕುಂತವ್ಳೆ, ಅದ್ರಲ್ಲಿ ಕಲ್ಲೇ ಜಾಸ್ತಿ. ಓಗ್ಲಿ. ಒಲದಲ್ಲಿ ನಿಂತಿರೋದ್ನ ಪಾಪಯ್ಯಂಗೆ ಪಾಲಿಗೆ ಬುಟ್ಟೆ. ಅವ್ನೇ ಕುಯ್ದು ಅರ್ಧ ಅವ್ನು ತಕ್ಕೊತಾನೆ, ಉಲ್ಲೂ ಅರ್ಧ. ಅಸಕ್ಕೆ ಬ್ಯಾಸ್ಗೇಲಿ ಉಲ್ಲು ಸಾಲಕಿಲ್ಲ. ಒಂದ್ ಅಸ ಮಾರ್ಬೇಕಾಗ್ಬೋದು. ಅದ್ನ ಆಮೇಲ್ ನೋಡ್ಕೊಳ್ಳಣ."

(ಪಾಪಯ್ಯನನ್ನು ಪಾಲಿಗೆ ಕರೆ ಅಂತ ಅಪ್ಪ ಬಿದ್ದ ಮಾರನೇ ದಿನವೇ ಅಮ್ಮ ಹೇಳಿದ್ದಳು. "ನನ್ ಒಲ ನಾನೇ ಕುಯ್ತೀನಿ" ಅಂದಿದ್ದ. ಇದನ್ನು ಬರೆಯಲಾ ಅಂತ ಕೇಳಿದೆ. ಬರಿ ಅಂದ.)

"ಇನ್ನೊಂದು ಐತೆ. ಅರ್ಸ, ಸರ್ಯಾಗಿ ಬರಿ. ದೀಪಾ, ಇವ್ನು ನಿಂಗೆ ಸುಳ್ಳು ಯೋಳ್ದ, ನಂಗೂ ಸುಳ್ಳು ಯೋಳ್ದ. ಅದಾಯ್ತು. ಈಗ ನಂದು ಯೋಳ್ತೀನಿ.

ಇವನ್ ಕೈ ನನ್ ಕೈಗಿಂತ ಚುರುಕು. ಆಳು ಮೂರು ಸಾಲು ಕುಯ್ಯೋ ಒತ್ಗೆ ಇವ್ನು ನಾಕು ಕುಯ್ತಾನೆ. ಜಗಲಿ ಮ್ಯಾಲೆ ಬಿದ್ಕೊಂಡು ದಿನಾ ನೋಡ್ತಿದ್ದೆ. ನೋಡಿ ಒಟ್ಟೆ ತಣ್ಣಗಾಗ್ತಿತ್ತು. ರಜಾ ಕೊಟ್ಟವ್ರೆ ಅಂದ. ಇಪ್ಪತ್ತು ದಿನ, ತಿಂಗ್ಳು, ಯಾವ್ ಇಸ್ಕೂಲ್ನಲ್ಲಿ ರಜಾ ಕೊಟ್ಟಾರು? ಎದುರ್ಗಡೆ ರಸ್ತೇಲಿ ದಿನಾ ಮಕ್ಳು ಬ್ಯಾಗ್ ಆಕ್ಕೊಂಡು ಓಗ್ತಿದ್ದೋ, ನಾ ನೋಡ್ತಿರ್ನಿಲ್ವಾ? ನಂಗೊತ್ತಿತ್ತು. ಗೊತ್ತಿದ್ದೂ ಕೇಳ್ನಿಲ್ಲ. ಕೇಳುದ್ರೆ ಇಸ್ಕೂಲ್ಗೆ ಓಗ್ಬುಡ್ತಾನೆ ಅಂತ ಕೇಳ್ನಿಲ್ಲ. ನಿಂಗೂ ಅಂಗೇ ಮಾಡಿದ್ದೆ, ಒಂಬತ್ತ್ನೇ ಕಲಾಸ್ನಲ್ಲಿ."

(ಇಲ್ಲಿ ನಾನು ಪೆನ್ನು ನಿಲ್ಲಿಸಿದೆ. "ಯಾಕೋ ನಿಲ್ಸುದೆ?" ಅಂದ. ಇದು ಬೇಡ ಅಪ್ಪ ಅಂದೆ. ಇದನ್ನು ಅಕ್ಕನಿಗೆ ಬರೆಯುವುದು ಬೇಡ, ನಾನು ಬೇರೆ ಏನಾದರೂ ಬರೆಯುತ್ತೇನೆ ಅಂದೆ. "ನೀ ಬೇರೆ ಏನೂ ಬರೀಬ್ಯಾಡ. ಬರಿ" ಅಂದ. ಶೈಲಕ್ಕ ಕೆಮ್ಮಿ, ಅನ್ನಕ್ಕೆ ಇಡಬೇಕು ಅಂತ ಎದ್ದು ಹೋದಳು. ಈಗ ನನ್ನ ಹಿಂದೆ ಯಾರೂ ಇಲ್ಲ. ನಾನು ಏನು ಬರೆದರೂ ಅಪ್ಪನಿಗೆ ಗೊತ್ತಾಗುವುದಿಲ್ಲ. ಬರೆದಾಯ್ತಾ ಅಂದ. ಆಯ್ತು ಅಂದೆ. "ಎಲ್ಲಿ, ಓದು." ಓದಿದೆ. ಅಪ್ಪ ಮುಖ ಗೋಡೆ ಕಡೆ ತಿರುಗಿಸಿಕೊಂಡು ಕೇಳಿದ. ಈ ನಾಲ್ಕು ಸಾಲು ಬಿಟ್ಟುಬಿಡಬೇಕು ಅಂತ ನನ್ನ ಕೈ ಎಷ್ಟು ಎಳೆಯಿತೋ ಅಕ್ಕ. ಅವನು ಹೇಳಿದ ಹಾಗೇ ಬರೆದಿದ್ದೇನೆ.)